ದಾರಿಯ ಗೆಳೆತನ, ಊರಿನ ಬಿಲ್ಲು

ಚಾರಣದಲ್ಲೋ ತೀರ್ಥಯಾತ್ರೆಯಲ್ಲೋ ವಾರವೊಂದನ್ನು ಜೊತೆಯಾಗಿ ಕಳೆದವರು ಊರಿಗೆ ಮರಳಿದ ಮೇಲೆ ಮೊದಲು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೊ ಹಂಚಿಕೊಳ್ಳುತ್ತಾರೆ, ಆಮೇಲೆ ‘ಮತ್ತೊಮ್ಮೆ ಸೇರೋಣ’ ಎನ್ನುತ್ತಾರೆ. ಗುಂಪಿನಲ್ಲಿ ಕಲ್ಯಾಣ ಕರ್ನಾಟಕದವರಿದ್ದರೆ ಸೇರುವ ಊರು ಹೈದರಾಬಾದ್ ಎಂದು ನಿಶ್ಚಯವಾಗಲು ಹೆಚ್ಚು ಹೊತ್ತು ಬೇಕಿಲ್ಲ. ಬೀದರಿನಿಂದ ಅದು ಸುಮಾರು 140 ಕಿ.ಮೀ., ಕಲಬುರಗಿಯಿಂದ 220ರ ಆಸುಪಾಸು. ಎರಡೂ ಊರುಗಳಿಗೆ ಬೆಂಗಳೂರು ಅದಕ್ಕಿಂತ ಎಷ್ಟೋ ದೂರ. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದ, ಕಾಚಿಗುಡದ ನೃಪತುಂಗ ಶಾಲೆಯನ್ನೂ ಕರ್ನಾಟಕ ಸಾಹಿತ್ಯ ಮಂದಿರವನ್ನೂ ಬಲ್ಲ ಹಿರಿಯರು ಆ ಭಾಗದ ಎಷ್ಟೋ ಮನೆಗಳಲ್ಲಿ ಇದ್ದಾರೆ. ಇವತ್ತಿನ ತಲೆಮಾರಿಗೆ ಅದು ಮಾಧಾಪುರ, ಗಚ್ಚಿಬೌಲಿಯ ಕಂಪನಿಗಳ ಊರು. ದಿನ ಗೊತ್ತಾಗುತ್ತದೆ, ಊರು ಗೊತ್ತಾಗುತ್ತದೆ. ಯಾರೋ ಒಬ್ಬರು ಜುಬಿಲಿ ಹಿಲ್ಸ್‌ನ ರೆಸ್ಟೊರೆಂಟೊಂದರ ಹೆಸರು ಹಾಕಿದ ಕೂಡಲೇ ಗುಂಪು ತಣ್ಣಗಾಗುತ್ತದೆ. ಒಬ್ಬರ ಮನೆಯಲ್ಲಿ ಕಾರ್ಯಕ್ರಮ, ಇನ್ನೊಬ್ಬರಿಗೆ ರಜೆ ಸಿಗುವುದಿಲ್ಲ, ಮತ್ತೊಬ್ಬರು ಉತ್ತರವನ್ನೇ ಕೊಡುವುದಿಲ್ಲ. ಈ ಮೌನವನ್ನು ಪ್ರೀತಿ ತೆಳುವಾದದ್ದರ ಗುರುತು ಎಂದುಕೊಳ್ಳುತ್ತೇವೆ. ದಾರಿಯಲ್ಲಿ ಹುಟ್ಟಿದ ಗೆಳೆತನ ಅಷ್ಟೇ, ದಾರಿಯಲ್ಲೇ ಮುಗಿಯಿತು ಎಂದೂ ಹೇಳಿಬಿಡುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ಆ ಗೆಳೆತನಕ್ಕೆ ತಳಪಾಯವಾಗಿದ್ದದ್ದು ಖರ್ಚಿನ ಸಮಾನತೆ. ದುಬಾರಿ ಊರಿನಲ್ಲಿ ಮತ್ತೆ ಸೇರುವಾಗ ಆ ತಳಪಾಯವನ್ನು ಯಾರೂ ಮತ್ತೆ ಕಟ್ಟುವುದಿಲ್ಲ, ಮೌನ ಬರುವುದು ಅಲ್ಲಿಂದ.

ದಾರಿಯಲ್ಲಿ ಸ್ನೇಹ ಅಷ್ಟು ಬೇಗ ಬೆಳೆಯುವುದು ಯಾಕೆ ಎಂದು ಕೇಳಿದರೆ ಹೆಚ್ಚಿನವರು ಬೆಟ್ಟ, ಮಂಜು, ಆಯಾಸ, ಅಪಾಯಗಳ ಹೆಸರು ಹೇಳುತ್ತಾರೆ. ವ್ಯವಸ್ಥೆಯ ಹೆಸರು ಹೇಳುವವರು ಕಡಿಮೆ. ಜರ್ಮನಿಯ ಶಾಲಾ ಮಾಸ್ತರ ರಿಚರ್ಡ್ ಶಿರ್ಮಾನ್ 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಮೊದಲ ಯೂತ್ ಹಾಸ್ಟೆಲ್ ತೆರೆದಾಗಿನಿಂದ ಇವತ್ತಿನ ಡಾರ್ಮಿಟರಿಗಳವರೆಗೆ ಪದ್ಧತಿ ಒಂದೇ: ಎಲ್ಲರಿಗೂ ಒಂದೇ ತರದ ಹಾಸಿಗೆ, ಒಂದೇ ಬಾಡಿಗೆ. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ನಿನ ಹಿಮಾಲಯ ಶಿಬಿರಗಳಲ್ಲಿ ಬ್ಯಾಂಕ್ ಮ್ಯಾನೇಜರೂ ಕಾಲೇಜು ಹುಡುಗನೂ ಒಂದೇ ಶುಲ್ಕ ಕಟ್ಟಿ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುತ್ತಾರೆ. ಕೈಲಾಸ ಮಾನಸ ಸರೋವರ ಯಾತ್ರೆ ಐದು ವರ್ಷ ನಿಂತು 2025ರಲ್ಲಿ ಮತ್ತೆ ಶುರುವಾದಾಗಲೂ ಯಾತ್ರಿಗಳನ್ನು 50 ಜನರ ತಂಡಗಳಾಗಿಯೇ ಕಳುಹಿಸಲಾಯಿತು. ಒಂದೇ ತಂಡದಲ್ಲಿ ಹೋದವರ ಒಡನಾಟ ಆಮೇಲೂ ಉಳಿದುಕೊಳ್ಳುವುದು ಸಾಮಾನ್ಯ. ಯಾತ್ರೆಯಲ್ಲಿ ಅಂತಸ್ತು ಕಳಚಿ ಬೀಳುತ್ತದೆ, ಜನ ಬರಿಯ ಮನುಷ್ಯರಾಗಿ ಒಬ್ಬರನ್ನೊಬ್ಬರು ಕಾಣುತ್ತಾರೆ ಎಂದು ಮಾನವಶಾಸ್ತ್ರಜ್ಞ ವಿಕ್ಟರ್ ಟರ್ನರ್ ವಾದಿಸಿದ್ದರು. ಆದರೆ ಅವರಿಗಿಂತ ಮೊದಲೇ ಪಂಢರಪುರದ ವಾರಿಯಲ್ಲಿ ನಡೆದು ಬರೆದ ಇರಾವತಿ ಕರ್ವೆಯವರ ಅನುಭವ ಇದಕ್ಕೊಂದು ತಿದ್ದುಪಡಿ ಕೊಡುತ್ತದೆ. ಒಂದೇ ದಿಂಡಿಯಲ್ಲಿ, ಅಂದರೆ ಯಾತ್ರಿಗಳ ಒಂದೇ ಗುಂಪಿನಲ್ಲಿ, ಹಾಡುತ್ತ ನಡೆದ ಬ್ರಾಹ್ಮಣರೂ ಮರಾಠರೂ ಊಟದ ಹೊತ್ತಿಗೆ ಬೇರೆ ಬೇರೆಯಾಗುತ್ತಿದ್ದರು, ಅಡುಗೆಯೂ ಬೇರೆ, ಪಂಕ್ತಿಯೂ ಬೇರೆ. ಕರ್ವೆಯವರಿಗೆ ಅದು ನೋವು ಕೊಟ್ಟಿತು. ಅವರು ಮರಾಠರ ಜೊತೆಗೂ ಕೂತು ಉಂಡರು. ನನಗೆ ಕಾಣುವುದು ಇಷ್ಟು: ಜೊತೆಯಲ್ಲಿ ನಡೆದ ಮಾತ್ರಕ್ಕೆ ಜನ ಸಮಾನರಾಗುವುದಿಲ್ಲ. ಊಟ ಯಾರ ಜೊತೆ, ಅಡುಗೆ ಯಾರದು, ದುಡ್ಡು ಯಾರು ಕೊಟ್ಟರು ಎಂಬುದರಲ್ಲಿ ಸಮಾನತೆ ಇದ್ದರೆ ಇರುತ್ತದೆ, ಇಲ್ಲದಿದ್ದರೆ ಇಲ್ಲ. ಆಗ ಜಾತಿ ಎಳೆದ ಗೆರೆಯನ್ನು ಈಗಿನ ಊಟದ ಮೇಜಿನಲ್ಲಿ ಸಂಬಳವೂ ಎಳೆಯಬಲ್ಲದು.

ಹೈದರಾಬಾದನ್ನು ದುಬಾರಿ ಎನ್ನುವುದಕ್ಕೆ ಮುಂಬೈಯವರು, ಬೆಂಗಳೂರಿನವರು ತಕ್ಷಣ ಆಕ್ಷೇಪಿಸುತ್ತಾರೆ. ಬಾಡಿಗೆ ಇನ್ನೂ ಕೈಗೆಟುಕುವಂತಿದೆ, ಬಿರಿಯಾನಿ ಎಲ್ಲ ಬೆಲೆಗೂ ಸಿಗುತ್ತದೆ ಎಂಬುದು ಅವರ ಮಾತು. ಅದು ಸುಳ್ಳಲ್ಲ. ಆದರೆ ಊರಿನ ಸರಾಸರಿ ಬೆಲೆಯಲ್ಲಿ ಯಾರೂ ಊಟ ಮಾಡುವುದಿಲ್ಲ, ತಾವು ಕೂತ ಬಡಾವಣೆಯ ಬೆಲೆಯಲ್ಲಿ ಮಾಡುತ್ತಾರೆ. 1998ರಲ್ಲಿ ಮಾಧಾಪುರದಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾದಾಗ ಅದರ ಸುತ್ತ ಬಂಡೆ, ಕುರುಚಲು ಕಾಡು ಇತ್ತು. 2023ರ ಆಗಸ್ಟಿನಲ್ಲಿ ಅಲ್ಲಿಂದ ತುಸು ದೂರದ ಕೋಕಾಪೇಟೆಯಲ್ಲಿ ನಡೆದ ಸರ್ಕಾರಿ ಹರಾಜಿನಲ್ಲಿ ಒಂದು ಎಕರೆಗೆ 100 ಕೋಟಿ ರೂಪಾಯಿಗೂ ಹೆಚ್ಚು ಬೆಲೆ ಬಂತು. ಹೀಗೆ ಏರಿದ ನೆಲದ ಬೆಲೆ ಕಟ್ಟಡದ ಬಾಡಿಗೆಗೆ ಬರುತ್ತದೆ, ಬಾಡಿಗೆ ಮೆನುವಿಗೆ ಬರುತ್ತದೆ. ರೆಸ್ಟೊರೆಂಟಿನಲ್ಲಿ ನಾವು ಕೊಡುವ ದುಡ್ಡಿನಲ್ಲಿ ಒಂದು ಪಾಲು ತಟ್ಟೆಯಲ್ಲಿರುವುದಕ್ಕಲ್ಲ, ಕುರ್ಚಿಯ ಕೆಳಗಿನ ಜಾಗಕ್ಕೆ ಸಲ್ಲುತ್ತದೆ. ಹಾಗಾಗಿ ಒಂದೇ ಊರಿನಲ್ಲಿ ಎರಡು ಊರುಗಳಾಗಿವೆ. ಪಶ್ಚಿಮದಲ್ಲಿ ಬಂಜಾರಾ ಹಿಲ್ಸ್‌ನಿಂದ ಗಚ್ಚಿಬೌಲಿಯ ಫೈನಾನ್ಶಿಯಲ್ ಡಿಸ್ಟ್ರಿಕ್ಟ್‌ವರೆಗೆ ಒಂದು, ಮೂಸಿ ನದಿಯ ಆಸುಪಾಸಿನಲ್ಲಿ, ಅಬಿಡ್ಸ್‌ನಲ್ಲಿ, ಸಿಕಂದರಾಬಾದಿನಲ್ಲಿ ಇನ್ನೊಂದು. ಮೊದಲನೆಯದರಲ್ಲಿ ಒಂದು ರಾತ್ರಿಗೆ ಒಬ್ಬರು ಕೊಡುವ ದುಡ್ಡಿನಲ್ಲಿ ಎರಡನೆಯದರಲ್ಲಿ ಇಡೀ ಗುಂಪು ಉಂಡು ಏಳಬಹುದು. ಹೊರಗಿನಿಂದ ಬರುವ ಗೆಳೆಯರಿಗೆ ಅಲ್ಲಿಯೇ ಇರುವವರು ಜಾಗ ಆರಿಸುತ್ತಾರೆ, ಅವರು ಆರಿಸುವುದು ತಮಗೆ ಹತ್ತಿರವಾದ ಮೊದಲನೆಯ ಊರನ್ನೇ. ಅದರಲ್ಲಿ ದುರುದ್ದೇಶವೇನೂ ಇರುವುದಿಲ್ಲ. ದಿನವೂ ಓಡಾಡುವ ದಾರಿಯ ಬೆಲೆ ಕಣ್ಣಿಗೆ ಬೀಳುವುದು ನಿಂತುಹೋಗಿರುತ್ತದೆ, ಅಷ್ಟೇ.

ಇನ್ನು ಬಿಲ್ಲು ಬಂದ ಮೇಲಿನ ಮಾತು. ಗುಂಪಿನಲ್ಲಿ ಉಂಡ ಮೇಲೆ ಒಟ್ಟು ಮೊತ್ತವನ್ನು ತಲೆ ಎಣಿಸಿ ಭಾಗಿಸುವುದು ಈಗಿನ ರೂಢಿ, ಲೆಕ್ಕ ನೋಡುವುದು ಸಣ್ಣತನ ಎಂಬ ಭಾವನೆ ಅದರ ಹಿಂದಿದೆ. ಅರ್ಥಶಾಸ್ತ್ರಜ್ಞರಾದ ಉರಿ ಗ್ನೀಜಿ, ಎರ್ನಾನ್ ಹರುವಿ ಮತ್ತು ಹದಾಸ್ ಯಾಫೆ ಇಸ್ರೇಲಿನ ರೆಸ್ಟೊರೆಂಟೊಂದರಲ್ಲಿ ಇದನ್ನೇ ಪ್ರಯೋಗಕ್ಕೆ ಒಡ್ಡಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ತಮ್ಮ ತಮ್ಮ ಊಟಕ್ಕೆ ತಾವೇ ದುಡ್ಡು ಕೊಟ್ಟವರು ಸರಾಸರಿ ಸುಮಾರು 37 ಶೆಕೆಲ್ ಖರ್ಚು ಮಾಡಿದರು. ಬಿಲ್ಲನ್ನು ಸಮನಾಗಿ ಹಂಚಿಕೊಳ್ಳಬೇಕೆಂದಾಗ ಅದು 51ಕ್ಕೆ ಏರಿತು. ಪೂರ್ತಿ ಬೇರೆಯವರೇ ಕೊಡುತ್ತಾರೆ ಎಂದಾಗ 82 ಮುಟ್ಟಿತು. ಮೊದಲೇ ಕೇಳಿದಾಗ ಹೆಚ್ಚಿನವರು ಬೇರೆ ಬೇರೆ ಕೊಡುವುದೇ ಇಷ್ಟ ಎಂದಿದ್ದರು. ಅಂದರೆ ಸಮಪಾಲು ಎಲ್ಲರೂ ಬಯಸಿ ಬಂದ ಪದ್ಧತಿಯಲ್ಲ, ಮುಲಾಜಿಗೆ ಉಳಿದುಕೊಂಡಿರುವಂಥದು. ಹೈದರಾಬಾದಿನ ಬಿಲ್ಲಿನಲ್ಲಿ ಇದು ಇನ್ನಷ್ಟು ಹೆಚ್ಚಿನ ಅಂತರ ತರುತ್ತದೆ. ಊಟದ ಮೇಲೆ ಸಾಮಾನ್ಯ ರೆಸ್ಟೊರೆಂಟಿನಲ್ಲಿ ಜಿಎಸ್‌ಟಿ ಶೇ 5. ಮದ್ಯ ಜಿಎಸ್‌ಟಿಯ ಹೊರಗಿದ್ದು ರಾಜ್ಯದ ತೆರಿಗೆಗೆ ಒಳಪಡುವುದರಿಂದ ಆ ಸಾಲುಗಳೇ ಬಿಲ್ಲನ್ನು ಉದ್ದ ಮಾಡುತ್ತವೆ. ಸೇವಾ ಶುಲ್ಕವನ್ನು ಕಡ್ಡಾಯ ಮಾಡುವಂತಿಲ್ಲ ಎಂದು ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಹೇಳಿದ್ದರೂ ಗೆಳೆಯರ ಎದುರು ಅದನ್ನು ತೆಗೆಯಿರಿ ಎಂದು ಕೇಳುವವರು ಅಪರೂಪ. ಕುಡಿಯದವರು ಕುಡಿದವರಿಗೆ, ಸೊಪ್ಪು-ಬೇಳೆ ತಿಂದವರು ಮಾಂಸ ತಿಂದವರಿಗೆ, ಕಡಿಮೆ ಸಂಬಳದವರು ಹೆಚ್ಚು ಸಂಬಳದವರಿಗೆ ಅಂದು ರಾತ್ರಿ ಸಬ್ಸಿಡಿ ಕೊಟ್ಟಂತೆ. ಯುಪಿಐ ಬಂದ ಮೇಲೆ ಚಿಲ್ಲರೆಯ ತೊಂದರೆಯೂ ಉಳಿದಿಲ್ಲ. ಯಾರು ಏನು ತಿಂದರೋ ಅದರ ದುಡ್ಡನ್ನು ಪೈಸೆ ಸಮೇತ ಕಳಿಸಲು ಒಂದು ನಿಮಿಷ ಸಾಕು. ತೊಂದರೆ ಉಳಿದಿರುವುದು ನಾಲಿಗೆಯಲ್ಲಿ ಮಾತ್ರ.

ಹೆಚ್ಚು ದುಡಿಯುವವರೇ ಕೊಟ್ಟುಬಿಡಲಿ ಎಂಬ ಪರಿಹಾರ ಉದಾರವಾಗಿ ಕೇಳಿಸುತ್ತದೆ. ಅತಿಥಿ ಸತ್ಕಾರಕ್ಕೆ ಹೆಸರಾದ ಊರಿನಲ್ಲಂತೂ ಅದು ಸಹಜವೇ. ಮನೆಗೆ ಬಂದವರ ಕೈಯಲ್ಲಿ ದುಡ್ಡು ಬಿಚ್ಚಿಸುವುದು ಹೈದರಾಬಾದಿಗಳಿಗೆ ಅವಮಾನ. ಮನೆಯಲ್ಲಿ ಉಣಬಡಿಸಿದರೆ ಇದರಲ್ಲಿ ಯಾವ ತಪ್ಪೂ ಇಲ್ಲ, ಏಕೆಂದರೆ ಮನೆಯೂಟಕ್ಕೆ ಮನೆಯೂಟದಲ್ಲಿ ಉತ್ತರ ಕೊಡಬಹುದು. ಬೀದರಿನವರು ಮುಂದಿನ ಸಲ ತಮ್ಮ ಮನೆಗೆ ಕರೆದು ಜೋಳದ ರೊಟ್ಟಿ ಬಡಿಸಿದರೆ ಲೆಕ್ಕ ಸರಿಹೋಗುತ್ತದೆ. ಜುಬಿಲಿ ಹಿಲ್ಸ್‌ನ ಬಿಲ್ಲಿಗೆ ಅವರು ಯಾವ ಉತ್ತರ ಕೊಡಬೇಕು? ಉಡುಗೊರೆಯ ಬಗ್ಗೆ 1925ರಲ್ಲಿ ಬರೆದ ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಮೋಸ್ ತೋರಿಸಿದ್ದು ಇದನ್ನೇ: ಕೊಡುವುದು, ಪಡೆಯುವುದು, ಹಿಂದಿರುಗಿಸುವುದು ಮೂರೂ ಕಟ್ಟಲೆಗಳೇ, ಹಿಂದಿರುಗಿಸಲಾಗದ ಕೊಡುಗೆ ಪಡೆದವನನ್ನು ಕೆಳಗೆ ನೂಕುತ್ತದೆ. ನಮ್ಮಲ್ಲಿ ಅದನ್ನು ಹಂಗು ಎನ್ನುತ್ತೇವೆ. ಒಮ್ಮೆ ಹಂಗಿನಲ್ಲಿ ಉಂಡವರು ಜಗಳವಾಡುವುದಿಲ್ಲ. ಮುಂದಿನ ಸಲ ಬರುವುದಿಲ್ಲ, ಅಷ್ಟೇ. ಕೊಟ್ಟವರಿಗೆ ಇದು ಕಾಣುವುದೂ ಇಲ್ಲ. ತಾವು ಅಷ್ಟು ಪ್ರೀತಿಯಿಂದ ಕೊಟ್ಟಿದ್ದೆವಲ್ಲ, ಇವರು ಯಾಕೆ ದೂರವಾದರು ಎಂದು ಅವರೂ ನೊಂದುಕೊಳ್ಳುತ್ತಾರೆ.

ವರ್ಷಕ್ಕೊಂದು ರಾತ್ರಿ, ಅದಕ್ಕೂ ಇಷ್ಟು ಲೆಕ್ಕವೇ ಎಂಬ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ಅಪರೂಪದ ಸಂತೋಷಕ್ಕೆ ಕೈಬಿಚ್ಚಿ ಖರ್ಚು ಮಾಡುವುದು ನಮ್ಮ ಜನಕ್ಕೆ ಹೊಸದಲ್ಲ. ಜಾತ್ರೆಗೆ, ಮದುವೆಗೆ ಮಾಡುತ್ತೇವೆ. ಆದರೆ ಹೊರಗಿನಿಂದ ಬಂದವರಿಗೆ ಆ ರಾತ್ರಿಯ ಬೆಲೆ ಬಿಲ್ಲಿನಲ್ಲಿ ಬರೆದಷ್ಟಕ್ಕೆ ನಿಲ್ಲುವುದಿಲ್ಲ. ರೈಲು ಅಥವಾ ಬಸ್ಸಿನ ಟಿಕೆಟ್ಟು, ಒಂದು ಹಗಲಿನ ಸಂಬಳ ಅಥವಾ ರಜೆ, ಲಾಡ್ಜಿನ ಕೋಣೆ, ಪಶ್ಚಿಮದ ಬಡಾವಣೆಯಿಂದ ನಾಂಪಲ್ಲಿಗೋ ಸಿಕಂದರಾಬಾದಿಗೋ ಹಿಂತಿರುಗುವ ಕ್ಯಾಬು, ಇವೆಲ್ಲ ಅವರ ತಲೆಗೆ. ಊರಲ್ಲೇ ಇರುವವರು ಊಟ ಮುಗಿಸಿ ಮನೆಗೆ ಹೋಗಿ ಮಲಗುತ್ತಾರೆ. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಿಂದ, ತೆಲಂಗಾಣದ ಮಹಾಲಕ್ಷ್ಮಿ ಯೋಜನೆ ಅದೇ ವರ್ಷದ ಡಿಸೆಂಬರ್ 9ರಿಂದ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಕೊಟ್ಟವು. ಎರಡೂ ಆಯಾ ರಾಜ್ಯದೊಳಗೆ, ಆಯಾ ರಾಜ್ಯದ ನಿವಾಸಿಗಳಿಗೆ ಮಾತ್ರ. ಬೀದರಿನಿಂದ ಹೈದರಾಬಾದಿಗೆ ಹೊರಟ ಶಿಕ್ಷಕಿಗೆ ಗಡಿ ದಾಟುವ ಬಸ್ಸಿನಲ್ಲಿ ಟಿಕೆಟ್ ತಪ್ಪುವುದಿಲ್ಲ. ಹೀಗೆ ಕೂಡಿಸುತ್ತ ಹೋದರೆ ಅತಿ ಕಡಿಮೆ ಸಂಬಳದವರೇ ಅತಿ ಹೆಚ್ಚು ಖರ್ಚು ಮಾಡಿ ಬಂದಿರುತ್ತಾರೆ, ಅದರ ಮೇಲೆ ಸಮಪಾಲಿನ ಬಿಲ್ಲನ್ನೂ ಕಟ್ಟುತ್ತಾರೆ. ಒಮ್ಮೆ ಕಟ್ಟುವುದು ಅಸಾಧ್ಯವೇನಲ್ಲ. ಆದರೆ ಗೆಳೆತನ ಉಳಿಯುವುದು ಮತ್ತೆ ಮತ್ತೆ ಸೇರುವುದರಿಂದ, ಹೀಗೆ ಕಟ್ಟಿಸಿಕೊಂಡ ರಾತ್ರಿಗೆ ಎರಡನೆಯ ಸಲ ಇರುವುದಿಲ್ಲ.

ಹಾಗಾದರೆ ಹೈದರಾಬಾದ್ ಸೇರುವುದಕ್ಕೆ ತಕ್ಕ ಊರಲ್ಲವೇ? ಭಾರತದ ದೊಡ್ಡ ಊರುಗಳ ಪೈಕಿ ಇದಕ್ಕೆ ಇಷ್ಟು ಒದಗುವ ಊರು ಇನ್ನೊಂದಿರಲಾರದು ಎಂದೇ ನನ್ನ ನಂಬಿಕೆ. ಇಲ್ಲಿನ ರಾತ್ರಿಯ ಹಳೆಯ ಪದ್ಧತಿಗಳೆಲ್ಲ ಹಂಚಿಕೊಂಡು ತಿನ್ನುವುದರ ಮೇಲೆ ನಿಂತಿವೆ. ಇರಾನಿ ಹೋಟೆಲನ್ನೇ ನೋಡಿ. ಇರಾನಿನಿಂದ ಮುಂಬೈ, ಪುಣೆ ಹಾದು ಬಂದವರು ಇಲ್ಲಿ ತೆರೆದ ಈ ಹೋಟೆಲುಗಳಲ್ಲಿ ಡಿಕಾಕ್ಷನ್ ಒಂದು ಹಂಡೆಯಲ್ಲಿ ಬಾಯಿ ಮುಚ್ಚಿಕೊಂಡು ಗಂಟೆಗಟ್ಟಲೆ ಸಣ್ಣ ಉರಿಯಲ್ಲಿರುತ್ತದೆ, ಇನ್ನೊಂದರಲ್ಲಿ ಹಾಲು ಕುದಿದು ದಪ್ಪವಾಗುತ್ತದೆ. ಕೇಳಿದಾಗ ಎರಡನ್ನೂ ಕಪ್ಪಿಗೆ ಸುರಿದು ಕೊಡುತ್ತಾರೆ. ಅದ್ದಿ ತಿನ್ನಲು ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೆಸರಿನ ಉಸ್ಮಾನಿಯಾ ಬಿಸ್ಕತ್ತು. ಚಾರ್ಮಿನಾರಿನ ಪಕ್ಕದ ನಿಮ್ರಾದಲ್ಲಿ, ಸಿಕಂದರಾಬಾದ್ ಸ್ಟೇಷನ್ ಎದುರಿನ ಆಲ್ಫಾದಲ್ಲಿ ಒಂದು ಚಹಾ ಇನ್ನೂ ಎರಡಂಕಿಯ ಬೆಲೆಯಲ್ಲೇ ಇದೆ. ಬೆಂಗಳೂರಿನ ಬೈಟು ಕಾಫಿಯಂತೆ ಇಲ್ಲೂ ಒಂದನ್ನು ಎರಡು ಮಾಡಿ ಕುಡಿಯುವುದರಲ್ಲಿ ನಾಚಿಕೆಯಿಲ್ಲ. ಇನ್ನೂ ಒಳ್ಳೆಯ ನಿದರ್ಶನ ಬಾರ್ಕಸ್‌ನ ‘ಮಂದಿ’ ಎಂಬ ಊಟ. ನಿಜಾಮರ ಸೇನೆಯಲ್ಲಿದ್ದ ಯೆಮನ್ನಿನ ಹದ್ರಮೌತ್ ಮೂಲದ ಅರಬರ ವಂಶಜರು ನೆಲೆಸಿದ ಬಡಾವಣೆ ಅದು. ಅನ್ನ, ಮಾಂಸ ತುಂಬಿದ ದೊಡ್ಡ ತಾಟನ್ನು ನಡುವೆ ಇಟ್ಟು ನಾಲ್ಕೈದು ಜನ ಸುತ್ತ ಕೂತು ಒಂದೇ ತಾಟಿನಿಂದ ಉಣ್ಣುತ್ತಾರೆ. ಬೆಲೆಯೂ ಇಷ್ಟು ಜನರ ತಾಟಿಗೆ ಇಷ್ಟು ಎಂದೇ. ಇಲ್ಲಿ ಸಮಪಾಲು ನಿಜವಾಗಿ ಸಮಪಾಲಾಗುತ್ತದೆ, ಏಕೆಂದರೆ ಎಲ್ಲರೂ ತಿಂದದ್ದು ಒಂದನ್ನೇ. ರಂಜಾನ್ ತಿಂಗಳಿನಲ್ಲಾದರೆ ಗೋಧಿ, ಮಾಂಸ, ತುಪ್ಪ ಸೇರಿಸಿ ಗಂಟೆಗಟ್ಟಲೆ ಕುಟ್ಟಿ ಬೇಯಿಸಿದ ಹಲೀಮ್ ಇದೆ. 2010ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಆ ತಿಂಗಳು ಮದೀನಾ ಸರ್ಕಲ್ಲಿನಿಂದ ಚಾರ್ಮಿನಾರಿನವರೆಗಿನ ಬೀದಿ ನಸುಕಿನ ಸಹರಿಯ ಹೊತ್ತಿನವರೆಗೂ ಎಚ್ಚರವಾಗಿರುತ್ತದೆ, ಅಲ್ಲಿ ಓಡಾಡಲು ಟಿಕೆಟ್ಟಿಲ್ಲ. ಮಾಂಸ ತಿನ್ನದ ಗೆಳೆಯರು ಏನು ಮಾಡಬೇಕು ಎಂದು ಕೇಳುವವರ ಮಾತು ನ್ಯಾಯವಾದದ್ದು, ಮಂದಿಯ ತಾಟು ಅವರನ್ನು ಹೊರಗಿಡುತ್ತದೆ. ಆದರೆ ಕೋಠಿಯ ಗೋಕುಲ್ ಚಾಟ್, ಅಬಿಡ್ಸ್‌ನ ತಾಜ್ ಮಹಲ್ ಹೋಟೆಲಿನ ಸಸ್ಯಾಹಾರಿ ಊಟ, 1935ರ ಮೊಅಜ್ಜಮ್ ಜಾಹಿ ಮಾರುಕಟ್ಟೆಯ ಐಸ್‌ಕ್ರೀಮ್ ಅಂಗಡಿಗಳು ಒಂದಕ್ಕೊಂದು ಹತ್ತಿರದಲ್ಲೇ ಇವೆ. ರಾತ್ರಿ ಪೂರ್ತಿ ಮಾತಾಡಿ ಕಳೆದವರಿಗೆ ಅದೇ ಮಾರುಕಟ್ಟೆಯ ಬಳಿ ರಾಮ್ ಕೀ ಬಂಡಿ ನಸುಕಿನಲ್ಲೇ ಬೆಣ್ಣೆ, ಚೀಸ್ ಸುರಿದ ದೋಸೆ ಹಾಕಲು ಶುರುಮಾಡುತ್ತದೆ.

ಇದನ್ನು ಹಳೆಯದರ ಹಂಬಲ ಎಂದು ತಳ್ಳಿಹಾಕುವವರಿದ್ದಾರೆ. ಇಪ್ಪತ್ತೈದರಲ್ಲಿ ಡಾರ್ಮಿಟರಿಯ ಬಂಕ್ ಮಂಚದಲ್ಲಿ ಮಲಗಿದವರು ನಲವತ್ತರಲ್ಲಿ ಬೆನ್ನಿಗೆ ಒರಗು ಕೇಳುತ್ತಾರೆ, ಎಸಿ ಕೇಳುತ್ತಾರೆ, ಒಬ್ಬರ ಮಾತು ಒಬ್ಬರಿಗೆ ಕೇಳುವಷ್ಟು ಶಾಂತವಾದ ಜಾಗ ಕೇಳುತ್ತಾರೆ. ಕೇಳಲಿ, ಅದು ಅವರ ಹಕ್ಕು. ಇರಾನಿ ಹೋಟೆಲೇ ಆಗಬೇಕು, ಬೀದಿಯಲ್ಲೇ ತಿನ್ನಬೇಕು ಎಂದು ನಾನು ಹೇಳುತ್ತಿಲ್ಲ. ಬಡತನದ ವೇಷ ಹಾಕಿದರೆ ಗೆಳೆತನ ಮರಳುವುದಿಲ್ಲ. ಹಿಮಾಲಯದ ಶಿಬಿರದಲ್ಲಿ ಶುಲ್ಕ ಎಷ್ಟೆಂದು ಹೊರಡುವ ಮೊದಲೇ ಎಲ್ಲರಿಗೂ ಗೊತ್ತಿತ್ತು, ಕಟ್ಟಲು ಆಗುವವರು ಬಂದರು. ಆ ಒಂದು ಅಂಶವನ್ನು ಊರಿಗೆ ತಂದರೆ ಸಾಕು. ಉತ್ತರ ಕರ್ನಾಟಕದಲ್ಲಿ ಊರ ಜಾತ್ರೆಗೆ ಪಟ್ಟಿ ಹಾಕುವಾಗ ಮಾಡುವಂತೆ ತಲೆಗೆ ಇಷ್ಟು ಎಂದು ಮುಂಚೆಯೇ ಗೊತ್ತುಮಾಡಿ, ಆ ಮೊತ್ತವನ್ನು ಗುಂಪಿನಲ್ಲಿ ಅತಿ ದೂರದಿಂದ ಬರುವವರು, ಅತಿ ಕಡಿಮೆ ದುಡಿಯುವವರು ಹೇಳಲಿ. ಎಲ್ಲರ ಎದುರು ಹೇಳಿಸುವುದು ಬೇಡ, ಗುಂಪು ಕೂಡಿಸುವವರು ಒಬ್ಬೊಬ್ಬರನ್ನೇ ಕೇಳಲಿ. ಆ ಮಿತಿಯೊಳಗೆ ಜಾಗ ಹುಡುಕುವ ಕೆಲಸ ಊರು ಬಲ್ಲವರದು. ಮದ್ಯ ಬೇಕಾದವರ ಬಿಲ್ಲು ಮೊದಲಿನಿಂದಲೇ ಬೇರೆ ಬರೆಸಬಹುದು. ಹೆಚ್ಚು ಗಳಿಸುವವರಿಗೆ ಕೊಡಲೇಬೇಕೆನ್ನಿಸಿದರೆ ಬಂದವರನ್ನು ತಮ್ಮ ಮನೆಯಲ್ಲಿ ಮಲಗಿಸಿ ಲಾಡ್ಜಿನ ಖರ್ಚು ಉಳಿಸಲಿ. ಆ ಉಪಕಾರಕ್ಕೆ ಕಲಬುರಗಿಯಲ್ಲಿ ಉತ್ತರ ಸಿಗುತ್ತದೆ.

ಆದರೆ ಗೆಳೆಯರ ಒಳ್ಳೆಯತನದಿಂದಷ್ಟೇ ಇದು ಮುಗಿಯುವಂಥದಲ್ಲ, ಊರೂ ಜಾಗ ಕೊಡಬೇಕು. ಅಗ್ಗದ ಕುರ್ಚಿಗಳು ಕಡಿಮೆಯಾಗುತ್ತಿವೆ. ಮುಖ್ಯರಸ್ತೆಯ ಮೂಲೆಯಲ್ಲಿದ್ದ ಇರಾನಿ ಹೋಟೆಲಿನ ನೆಲಕ್ಕೆ ಈಗ ಮಾಲ್ ಕಟ್ಟುವಷ್ಟು ಬೆಲೆಯಿದೆ. ಒಂದು ಚಹಾಕ್ಕೆ ಒಂದು ಗಂಟೆ ಕೂರಲು ಬಿಡುವ ವ್ಯಾಪಾರ ಆ ಬೆಲೆಯ ಎದುರು ನಿಲ್ಲುವುದಿಲ್ಲ. ಕವಿ ಮಖ್ದೂಮ್ ಮೊಹಿಯುದ್ದೀನರಂಥವರು ಕೂರುತ್ತಿದ್ದ ಅಬಿಡ್ಸ್‌ನ ಓರಿಯೆಂಟ್ ಹೋಟೆಲು ಇವತ್ತು ಇಲ್ಲ. 2021ರಲ್ಲಿ ಭಾನುವಾರ ಸಂಜೆ ಹುಸೇನ್ ಸಾಗರದ ಟ್ಯಾಂಕ್ ಬಂಡ್ ಮೇಲೆ ವಾಹನ ನಿಲ್ಲಿಸಿ ಜನರಿಗೆ ಬಿಟ್ಟುಕೊಟ್ಟಾಗ, ಆಮೇಲೆ ಚಾರ್ಮಿನಾರಿನ ಬಳಿಯೂ ಹಾಗೆಯೇ ಮಾಡಿದಾಗ ಕುಟುಂಬ ಸಮೇತ ಜನ ಬಂದರು. ದುಡ್ಡಿಲ್ಲದೆ ರಾತ್ರಿ ಕೂರುವ ಜಾಗಕ್ಕೆ ಈ ಊರಿನಲ್ಲಿ ಎಷ್ಟು ಬೇಡಿಕೆಯಿದೆ ಎಂಬುದು ಆಗ ಕಂಡಿತು. ಅಂಥದನ್ನು ಹಬ್ಬದ ಕಾರ್ಯಕ್ರಮದಂತೆ ಮಾಡಿ ಬಿಡುವುದಕ್ಕಿಂತ ಊರಿನ ಕಾಯಂ ವ್ಯವಸ್ಥೆಯಾಗಿ ಉಳಿಸಿಕೊಳ್ಳಬೇಕು.

ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ ಹೆಣ್ಣುಮಕ್ಕಳದು, ಅದರಲ್ಲಿ ಸತ್ಯವಿದೆ. ಹಳೆಯ ಊರಿನ ಅಗ್ಗದ ರಾತ್ರಿ ಬಹುಪಾಲು ಗಂಡಸರ ರಾತ್ರಿ. ಇರಾನಿ ಹೋಟೆಲಿನ ಹೊರಗೆ ನಿಂತು ಗಂಟೆಗಟ್ಟಲೆ ಹರಟುವವರಲ್ಲಿ ಹೆಂಗಸರು ಎಷ್ಟು ಜನ? ಡಾರ್ಮಿಟರಿಯಲ್ಲಿ, ಶಿಬಿರದಲ್ಲಿ ಸಮಾನಳಾಗಿದ್ದ ಗೆಳತಿ ಊರಿಗೆ ಬಂದ ಕೂಡಲೇ ಗಡಿಯಾರ ನೋಡಬೇಕಾಗುತ್ತದೆ. 2014ರಲ್ಲಿ ಆರಂಭವಾದ ಪೊಲೀಸರ ಶೀ ಟೀಮ್‌ಗಳಿಂದ ಕಿರುಕುಳದ ದೂರು ಕೊಡುವುದು ಸುಲಭವಾಯಿತು. ಆದರೂ 2019ರ ನವೆಂಬರಿನಲ್ಲಿ ಶಂಶಾಬಾದ್ ಬಳಿ ಯುವ ಪಶುವೈದ್ಯೆಯ ಮೇಲೆ ನಡೆದ ಅತ್ಯಾಚಾರ, ಕೊಲೆಯನ್ನು ಈ ಊರಿನ ಯಾವ ತಂದೆತಾಯಿಯೂ ಮರೆತಿಲ್ಲ. ದುಬಾರಿ ರೆಸ್ಟೊರೆಂಟನ್ನು ಆರಿಸುವ ಅನೇಕ ಹೆಂಗಸರು ರುಚಿಗಾಗಿ ಆರಿಸುವುದಿಲ್ಲ. ಬೆಳಕು, ಕಾವಲುಗಾರ, ಸ್ವಚ್ಛವಾದ ಶೌಚಾಲಯ, ಬಾಗಿಲಿಗೇ ಬರುವ ಕ್ಯಾಬು, ಇವುಗಳಿಗಾಗಿ ಹೆಚ್ಚಿನ ಬೆಲೆ ತೆರುತ್ತಾರೆ. ಊರು ಎಲ್ಲರಿಗೂ ಪುಕ್ಕಟೆಯಾಗಿ ಕೊಡಬೇಕಾದ್ದನ್ನು ಅವರು ಬಿಲ್ಲಿನಲ್ಲಿ ಕೊಳ್ಳುತ್ತಿದ್ದಾರೆ. ವೇಳಾಪಟ್ಟಿಯನ್ನೇ ಗಮನಿಸಿ: ಹೈದರಾಬಾದಿನಲ್ಲಿ ಬಾರುಗಳಿಗೆ ಮಧ್ಯರಾತ್ರಿ 12ರವರೆಗೆ, ವಾರಾಂತ್ಯದಲ್ಲಿ 1 ಗಂಟೆಯವರೆಗೆ ಅನುಮತಿ. 2017ರ ನವೆಂಬರಿನಲ್ಲಿ ಆರಂಭವಾದ ಮೆಟ್ರೊ ರೈಲಿನ ಕೊನೆಯ ಗಾಡಿ ಮಾತ್ರ 11ರ ಸುಮಾರಿಗೆ ಹೊರಟುಬಿಡುತ್ತದೆ. ಆಮೇಲೆ ಉಳಿಯುವವರು ಸ್ವಂತ ಕಾರಿರುವವರು, ಕ್ಯಾಬಿಗೆ ಕೊಡಬಲ್ಲವರು, ಕತ್ತಲಲ್ಲಿ ನಡೆಯಲು ಹೆದರಬೇಕಿಲ್ಲದವರು. ಹಗಲಲ್ಲಿ ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಟಿಕೆಟ್ಟೇ ಬೇಡ ಎನ್ನುವ ಸರ್ಕಾರ ಶುಕ್ರವಾರ, ಶನಿವಾರ ರಾತ್ರಿಯಾದರೂ ಮೆಟ್ರೊವನ್ನು 1 ಗಂಟೆ ದಾಟುವವರೆಗೆ ಓಡಿಸಲಿ, ಗಚ್ಚಿಬೌಲಿಯಿಂದ ಚಾರ್ಮಿನಾರಿಗೂ ಅಲ್ಲಿಂದ ಸಿಕಂದರಾಬಾದ್ ಸ್ಟೇಷನ್ನಿಗೂ ರಾತ್ರಿಯಿಡೀ ಬಸ್ಸು ಬಿಡಲಿ, ಆ ನಿಲ್ದಾಣಗಳಲ್ಲಿ ದೀಪವೂ ಶೌಚಾಲಯವೂ ಇರಲಿ. ಆಗ ಕಲಬುರಗಿಯಿಂದ ಬಂದ ಗೆಳತಿ ಬಾರ್ಕಸ್‌ನ ತಾಟಿನ ಸುತ್ತ ಉಳಿದವರಷ್ಟೇ ಹೊತ್ತು ಕೂರಬಹುದು, ಎದ್ದು ಸ್ಟೇಷನ್ನಿಗೆ ಹೋಗುವಾಗ ಅವಳ ಖರ್ಚೂ ಉಳಿದವರಷ್ಟೇ ಆಗಿರುತ್ತದೆ.